ನೀರಿನ ಗಿರಾಕಿ

ಆ ಕಾರ್ ಶೋರೂಮಿನಲ್ಲಿ ಎರಡೇ ಬಗೆಯ ಗಿರಾಕಿಗಳು: ನೀರು ಮತ್ತು ಕಾಫಿ. ಬಾಗಿಲು ತಳ್ಳಿ ಬಂದವರನ್ನು ರಿಸೆಪ್ಶನ್ ಮೇಜಿನಲ್ಲಿ ಕೂರುವ ಅವಳು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಪ್ಯಾಂಟ್ರಿ ಅಕ್ಕನಿಗೆ ಕೂಗಿ ಹೇಳುವಳು. ‘ಅಕ್ಕಾ, ಕಾಫಿ’ ಎಂದರೆ ಕೊಳ್ಳುವವರು. ಸೇಲ್ಸ್‌ನವರೆಲ್ಲ ಟೈ ಸರಿಮಾಡಿಕೊಂಡು ಮುತ್ತಿಕೊಳ್ಳುತ್ತಿದ್ದರು. ‘ಅಕ್ಕಾ, ನೀರು’ ಎಂದರೆ ಸುಮ್ಮನೆ ನೋಡಿ ಹೋಗುವವರು. ಯಾರೂ ಕುರ್ಚಿಯಿಂದ ಏಳುತ್ತಿರಲಿಲ್ಲ. ಅವಳ ಕಣ್ಣು ತಪ್ಪಿದ್ದೇ ಇಲ್ಲ ಎಂದು ಮ್ಯಾನೇಜರಿಗೆ ಹೆಮ್ಮೆ.

ತಪ್ಪಿದ್ದು ಒಮ್ಮೆ, ಅದೂ ಮನೆಯ ವಿಷಯದಲ್ಲಿ. ಹೊಳೆಯುವ ಶೂ, ಗರಿಗರಿ ಇಸ್ತ್ರಿಯ ಅಂಗಿ ನೋಡಿ, ಕಾಫಿ ಎಂದುಕೊಂಡೇ ಮದುವೆಯಾಗಿದ್ದಳು. ಆ ಮಹಾರಾಯ ಇನ್ನೊಬ್ಬಳ ಜೊತೆ ಹೊರಟುಹೋದ. ಅವಳು ಅಳಲಿಲ್ಲ, ರೇಗಲಿಲ್ಲ. ಅವನು ಬಿಟ್ಟುಹೋದ ಟವೆಲ್ ಒಗೆದು ಒಣಹಾಕಿ ಡ್ಯೂಟಿಗೆ ಬಂದಳು. ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಮನಸ್ಸಿಗೆ ಹಿಡಿದಿತ್ತು. ನಗಬೇಕಾದಲ್ಲಿ ನಗುತ್ತಿದ್ದಳು, ಅಷ್ಟೇ.

ಆಮೇಲೊಂದು ದಿನ ಒಬ್ಬ ಬಂದ. ಅಂಗಿಗೆ ದಾರದ ಎಳೆಗಳು ಅಂಟಿದ್ದವು, ಚಪ್ಪಲಿ ಸವೆದಿತ್ತು. ‘ಅಕ್ಕಾ, ನೀರು.’ ಹಿಂದಿನ ಬೀದಿಯಲ್ಲಿ ಸೀಟ್ ಕವರ್ ಹೊಲಿಯುವ ಅಂಗಡಿ ತನ್ನದು, ಹೊಸ ಮಾಡೆಲ್ಲಿನ ಸೀಟಿನ ಅಳತೆ ಬೇಕಿತ್ತು ಎಂದ. ಅವಳು ಕಾರಿನ ಬಾಗಿಲು ತೆರೆದು ಕೊಟ್ಟಳು. ಹೋಗುವಾಗ ನೀರಿನ ಲೋಟವನ್ನು ತಾನೇ ಪ್ಯಾಂಟ್ರಿಗೆ ಕೊಟ್ಟು ಹೋದ.

ಮುಂದಿನ ವಾರ ಮತ್ತೆ ಬಂದ. ಅದೇ ಕಾರು, ಅದೇ ಸೀಟು. ಟೇಪಿನ ಇನ್ನೊಂದು ತುದಿ ಹಿಡಿಯುತ್ತೀರಾ ಎಂದು ಕೇಳಿದ. ಹಿಡಿದಳು. ಆ ತುದಿಯಿಂದ ಅವಳನ್ನು ನೋಡಿದವನು ಟೇಪಿನ ಅಂಕಿ ನೋಡುವುದನ್ನೇ ಮರೆತ. ಅವಳು ಅದನ್ನು ಗಮನಿಸಿದಳು, ಏನೂ ಅನ್ನಿಸಲಿಲ್ಲ.

ಅದರ ಮುಂದಿನ ವಾರವೂ ಟೇಪು ಹಿಡಿದು ಬಂದಾಗ ಮಾತ್ರ ಕೇಳದೆ ಇರಲಾಗಲಿಲ್ಲ.

“ಈ ಸೀಟೇನು ವಾರವಾರ ಬೆಳೀತಾ ಇದೆಯಾ?”

ಅವನ ಕಿವಿ ಕೆಂಪಾಯಿತು. ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

“ಅಳತೆ ಮೊದಲನೇ ದಿನಾನೇ ಮುಗೀತು ಮೇಡಂ. ಆಮೇಲೆ ಬಂದಿದ್ದೆಲ್ಲ ನಿಮ್ಮನ್ನ ನೋಡೋಕೆ.”

ಅವಳು ಕಾದಳು. ಎದೆ ಕುಣಿಯಬಹುದು, ಇಲ್ಲ ಸಿಟ್ಟಾದರೂ ಬರಬಹುದು. ಎರಡೂ ಬರಲಿಲ್ಲ.

“ನನಗೆ ಈಗೀಗ ಏನೂ ಅನ್ಸೋದೇ ಇಲ್ಲ,” ಎಂದಳು, ಇದ್ದದ್ದನ್ನು ಇದ್ದ ಹಾಗೆ. “ಯಾರ ಮೇಲೂ.”

“ಪರವಾಗಿಲ್ಲ. ಇಲ್ಲಿ ನೀರು ಅಂದ್ರೆ ಏನರ್ಥ ಅಂತ ಅಕ್ಕ ಅವತ್ತೇ ಹೇಳಿದ್ರು. ಗೊತ್ತಿದ್ದೇ ಬಂದೆ.”

ನಕ್ಕು, ಅಕ್ಕ ತಂದಿಟ್ಟಿದ್ದ ನೀರಿನ ಲೋಟ ಖಾಲಿ ಮಾಡಿದ. ಇನ್ನು ಬಂದು ತೊಂದರೆ ಕೊಡುವುದಿಲ್ಲ ಎಂದು ಹೇಳಿ ಬಾಗಿಲ ಕಡೆ ನಡೆದ. ಅಂಗಿಯ ಬೆನ್ನಿಗೆ ಒಂದು ಕೆಂಪು ದಾರ ಅಂಟಿಕೊಂಡಿತ್ತು. ಅದನ್ನು ತೆಗೆಯಬೇಕು ಎಂದು ಅವಳ ಬೆರಳಿಗೆ ಅನ್ನಿಸಿತು. ಮರುಕ್ಷಣ ಎದೆಯೊಳಗೆಲ್ಲೋ ಸೂಜಿ ಚುಚ್ಚಿದ ಹಾಗಾಯಿತು. ಜೋಮು ಬಿಡುವಾಗ ಮೊದಲು ನೋವೇ ಆಗುವುದು.

“ಅಕ್ಕಾ,” ಎಂದು ಕೂಗಿದಳು. “ಕಾಫಿ. ಎರಡು.”

ಸೇಲ್ಸ್‌ನವರೆಲ್ಲ ದಡಬಡಿಸಿ ಎದ್ದರು. ಮ್ಯಾನೇಜರು ಗಾಜಿನ ಕೋಣೆಯಿಂದ ಓಡಿಬಂದು, ಗಿರಾಕಿ ಎಲ್ಲಿ ಎಂದು ಸುತ್ತ ನೋಡಿದರು. ಬಾಗಿಲಲ್ಲಿ ಸವೆದ ಚಪ್ಪಲಿಯವನೊಬ್ಬನೇ ನಿಂತಿದ್ದ.

ಅವಳು ಅವನ ಹತ್ತಿರ ಹೋಗಿ ಬೆನ್ನಿನ ದಾರ ತೆಗೆದಳು.

“ಇವರು ಕಾರು ತಗೊಳ್ಳಲ್ಲ ಸರ್,” ಎಂದಳು. “ಸ್ವಲ್ಪ ಹೊತ್ತು ಕೂತ್ಕೊಳ್ತಾರೆ.”