ಚಾಲೂ ಇದ್ದ ಗಾಡಿ

ದೌಲತಾಬಾದಿನ ಕೋಟೆಯ ಕೆಳಗೆ, ಸೀತಾಫಲದ ಬುಟ್ಟಿಗಳ ಸಾಲಿನ ಎದುರು, ಸಂಗಮನಾಥ ತನ್ನ ಕಾರು ಕಳುವಾದ ಜಾಗವನ್ನು ತೋರಿಸಿದ. ಇನ್ಶೂರೆನ್ಸ್ ಕಂಪನಿಯ ಪರವಾಗಿ ವಿಚಾರಣೆಗೆ ಬಂದಿದ್ದ ಮಂದಾಕಿನಿ ಫೋಟೊ ತೆಗೆಯುತ್ತಿದ್ದಳು. ಅಲ್ಲಿಯವರೆಗೆ ಇಬ್ಬರ ಮಾತೂ ಹಿಂದಿಯಲ್ಲೇ ನಡೆದಿತ್ತು.

ನಾಸಿಕದ ಮನೆಯಿಂದ ಅವನ ತಾಯಿಯ ಫೋನ್ ಬಂತು. ಅವನು ತುಸು ಪಕ್ಕಕ್ಕೆ ಸರಿದು, ಕಲಬುರಗಿಯ ಮಾತಿನಲ್ಲಿ ಹೇಳಿದ. “ಇಲ್ಲವ್ವ, ಇನ್ನೂ ಮುಗದಿಲ್ಲ. ಇಲ್ಲೊಬ್ಬ ಮೇಡಮ್ ಅದಾರ. ಕಳ್ಳನ್ನ ಬಿಟ್ಟು ನನ್ನೇ ಹಿಡದಾರ.”

“ಹಿಡದಿಲ್ರಿ,” ಎಂದಳು ಮಂದಾಕಿನಿ, ಮೊಬೈಲಿನಿಂದ ಕಣ್ಣು ತೆಗೆಯದೆ. “ಇನ್ನೂ ಬರೇ ಕೇಳ್ಲಿಕತ್ತೀನಿ.”

ಅವನು ಫೋನ್ ಇಡುವುದನ್ನೂ ಮರೆತ. “ನಿಮಗ ಕನ್ನಡ ಬರ್ತದ?”

“ಅಪ್ಪಂದು ಬೀದರ. ನಾ ಹುಟ್ಟಿದ್ದು ಇಲ್ಲೇ, ಸಂಭಾಜಿನಗರದಾಗ. ಮಾತಾಡ್ಲಿಕ್ಕೆ ಥೋಡಾ ಅಟಕ್ ಆಗ್ತದ, ನಾಲಿಗಿ ತಡವರಿಸ್ತದ. ಬೈದಿದ್ದು ಪೂರಾ ತಿಳೀತದ.”

ಅವಳು ನಗಲಿಲ್ಲ. ತುಟಿಯ ಒಂದು ಅಂಚು ಮಾತ್ರ ಮೇಲೇರಿ ಇಳಿಯಿತು. ಅವನು ಆ ಅಂಚನ್ನೇ ನೋಡುತ್ತ ಉಳಿದ.

ಬೇವಿನ ನೆರಳಿನಲ್ಲಿ ನಿಂತು ಅವಳು ಮುಂದಿನ ಪ್ರಶ್ನೆ ಕೇಳಿದಳು. “ಗಾಡಿ ಲಾಕ್ ಮಾಡಿದ್ರಿ?”

ಅವನು ಕೆಲಸ ಮಾಡುತ್ತಿದ್ದ ಬ್ಯಾಂಕಿನ ಸಹೋದ್ಯೋಗಿಗಳು ಇದಕ್ಕೆ ಉತ್ತರ ಕಲಿಸಿ ಕಳಿಸಿದ್ದರು. ಹೌದು ಎಂದರೆ ಸಾಕು. ಇಲ್ಲ ಎಂದರೆ ಅಜಾಗರೂಕತೆಯೆಂದು ಕಂಪನಿ ಕ್ಲೇಮನ್ನೇ ತಳ್ಳಿಹಾಕಬಹುದು.

“ನೀವು ಹೇಳಿದ್ದೇ ಬರೀತೀನಿ,” ಎಂದಳು. ದನಿ ಮೆತ್ತಗಿತ್ತು. “ವಿಚಾರ ಮಾಡಿ ಹೇಳ್ರಿ.”

ಅವನು ಅವಳ ಮುಖ ನೋಡಿದ. “ಇಲ್ರಿ. ವೇರೂಳಿನ ಗುಡಿಯಾಗ ದರ್ಶನ ಮುಗಿಸಿ ಬರ್ಲಿಕತ್ತಿದ್ವಿ. ಅವ್ವ ಹಣ್ಣು ಆರಿಸ್ಲಿಕ್ಕೆ ಕರದಳು. ಇಂಜಿನ್ ಚಾಲೂ ಬಿಟ್ಟು ಇಳದೆ. ತಿರುಗಿ ನೋಡೂದ್ರಾಗ ಗಾಡಿ ಹೊಂಟಿತ್ತು.”

ಅವಳ ಪೆನ್ನು ನಿಂತಿತು. ಕೆನ್ನೆಗೆ ಬಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ಅವನು ಹೇಳಿದಂತೆಯೇ ಬರೆದು, ಸಹಿ ಹಾಕಿಸಿಕೊಂಡು ಹೊರಟಳು.

ಮತ್ತೆ ಅವಳ ಫೋನ್ ಬರಲಿಲ್ಲ. ಉಳಿದ ಕೆಲಸವನ್ನು ಬೇರೊಬ್ಬರು ಮುಗಿಸಿದರು. ತನ್ನ ಮಾತು ಅವಳಿಗೆ ಹಿಡಿಸಲಿಲ್ಲವೆಂದುಕೊಂಡ ಸಂಗಮನಾಥ, ಬಸ್ಸಿನಲ್ಲಿ ಓಡಾಡುವುದನ್ನು ರೂಢಿ ಮಾಡಿಕೊಂಡ. ಬಸ್ಸಿನಲ್ಲಿ ಯಾರಾದರೂ ಹೆಂಗಸು ಕನ್ನಡ ಮಾತಾಡಿದರೆ ತಿರುಗಿ ನೋಡುತ್ತಿದ್ದ.

ಚಳಿಗಾಲದ ಕೊನೆಗೆ ಕ್ಲೇಮ್ ಪಾಸಾಯಿತು. ಪೂರ್ತಿಯಲ್ಲ, ಕಡಿತ ಮಾಡಿ. ಆ ವಾರವೇ ಒಂದು ಸಂಜೆ ಮಂದಾಕಿನಿ ನಾಸಿಕದ ಅವನ ಬ್ಯಾಂಕಿನ ಹೊರಗೆ ನಿಂತಿದ್ದಳು. ಇಬ್ಬರೂ ನಡೆದು ಗೋದಾವರಿಯ ಮೆಟ್ಟಿಲಿಗೆ ಬಂದು ಕೂತರು.

“ನಿಮಗ ನುಕ್ಸಾನ ಆತು,” ಎಂದಳು.

“ಆತು. ನನ್ನ ಫೈಲ್ ಬ್ಯಾರೇದವ್ರಿಗೆ ಯಾಕ ಕೊಟ್ರಿ?”

“ಅವತ್ತು ನಿಮ್ಮ ಸಲುವಾಗಿ ಸುಳ್ಳು ಬರೀಬೇಕು ಅನಿಸ್ತು. ಯಾರ ಸಲುವಾಗೂ ಹಂಗ ಅನಿಸಿರಲಿಲ್ಲ. ಬರೀಲಿಲ್ಲ. ಆದ್ರ ಆ ಕೇಸು ನನ್ನ ಹತ್ರ ಇರಬಾರದು ಅಂತ ಸಾಹೇಬ್ರಿಗೆ ಹೇಳಿದೆ.”

“ಏನಂತ ಹೇಳಿದ್ರಿ?”

“ಖರೇನೇ ಹೇಳಿದೆ.” ಅವಳ ಕಿವಿ ಕೆಂಪಾಗಿತ್ತು. “ಫೈಲ್ ಬಂದ್ ಆಗ್ಲಿ ಅಂತ ಇಷ್ಟು ದಿನ ಕಾಯ್ದೆ.”

ಸಂಗಮನಾಥ ನೀರಿನ ಕಡೆ ನೋಡಿದ, ಆಮೇಲೆ ಅವಳ ಕಡೆ. “ನನ್ನ ಮದುವಿ ಆಗ್ತೀರಿ?”

“ಆಗ್ತೀನಿ,” ಎಂದಳು. ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಅನುಮಾನ ಬಂದು, ಮರಾಠಿಯಲ್ಲೂ ಒಮ್ಮೆ ಹೇಳಿದಳು.