ಹೆಸರು ಹೇಳಿದವನು

ಎಣ್ಣೆ ಮಿಲ್ಲಿನ ತಿರುಗುತ್ತಿದ್ದ ಬೆಲ್ಟಿಗೆ ಪಾಪಕ್ಕನ ಸೆರಗು ಸಿಕ್ಕಿತ್ತು. ಅವಳು ಕೂಗುವಷ್ಟರಲ್ಲಿ ಮಿಷನ್ನೇ ನಿಂತಿತು.

ತಿರುಗಿ ನೋಡಿದರೆ ಸ್ವಿಚ್ಚಿನ ಹತ್ತಿರ ಒಬ್ಬ ಹೊಸ ಹುಡುಗ... ಮೊಳಕಾಲ್ಮೂರಿನಿಂದ ಅವತ್ತೇ ಕೆಲಸಕ್ಕೆ ಬಂದಿದ್ದ ಮಾರುತೇಶ್. ಜೀವ ಉಳಿಸಿದವನಿಗೆ ಒಂದು ಒಳ್ಳೆ ಮಾತಾಡಬಾರದಾ? ಇವಳು ಸೀರೆ ಹರಿದುಹೋಯ್ತು ಅಂತ ಅವನನ್ನೇ ಬೈದಳು. ಅವನು ನಕ್ಕು "ಪರವಾಲೇದು" ಅಂದ, ಪರವಾಗಿಲ್ಲ ಅನ್ನೋ ಹಂಗೆ. ಆ ಕಡೆಯವರ ಕನ್ನಡದಲ್ಲಿ ತೆಲುಗು ನುಸುಳದಿದ್ದರೆ ಮಾತೇ ಮುಗಿಯುವುದಿಲ್ಲ ಬಿಡಿ.

ಅದು ತೊಂಬತ್ತೆಂಟನೇ ಇಸವಿ. ಆಗಿನ ಚಳ್ಳಕೆರೆ ನೋಡಬೇಕಿತ್ತು ನೀವು! ಬಸ್ಸು ಊರು ಸೇರುವ ಮೊದಲೇ ಶೇಂಗಾ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಈಗ ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿವೆ. ಆ ವಾಸನೆ ನೆನಪಾದರೆ ಇವತ್ತಿಗೂ ಮನಸ್ಸು ಒಂಥರಾ ಆಗುತ್ತೆ.

ಪಾಪಕ್ಕ ದಿನಾ ತಳಕು ಊರಿನಿಂದ ಬಂದು ಜಯದೇವಪ್ಪ ಸಾವ್ಕಾರ್ರ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಆರಿಸುತ್ತಿದ್ದಳು. ಒಳ್ಳೆ ಕಾಳು ಒಂದು ಕಡೆ, ಬೂಸ್ಟು ಹಿಡಿದದ್ದು ಇನ್ನೊಂದು ಕಡೆ. ಮನೆಯಲ್ಲಿ ಕಾಯಿಲೆಯ ಅವ್ವ. ಇವಳ ಕೂಲಿ ಬಂದರೇ ಒಲೆ ಹತ್ತುವುದು.

ಊಟದ ಹೊತ್ತಿಗೆ ಮಾರುತೇಶ್ ಮಂಡಕ್ಕಿ ಪೊಟ್ಟಣ ಹಿಡಿದು ಬೇವಿನ ಮರದ ಕೆಳಗೆ ಬರುತ್ತಿದ್ದ. ಅವಳು ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದಳು. ಉಳಿದ ಹೆಂಗಸರು ಸುಮ್ಮನಿರುತ್ತಾರಾ? ಕಾಡಿಸಿ ಕಾಡಿಸಿ ಅವಳ ಮುಖ ಕೆಂಪು ಮಾಡುತ್ತಿದ್ದರು. ಬೈಯುತ್ತಿದ್ದಳು ನಿಜ, ಆದರೆ ಒಳಗೊಳಗೇ ಎಷ್ಟು ಖುಷಿ!

ಒಂದು ಸಂಜೆ ಪಾಪಕ್ಕ ನೋಡಬಾರದ್ದನ್ನು ನೋಡಿದಳು. ತಾನು ಆರಿಸಿ ಬಿಸಾಕಿದ ಬೂಸ್ಟು ಕಾಳೆಲ್ಲ ಮತ್ತೆ ಮಿಷನ್ನಿಗೆ ಹೋಗುತ್ತಿತ್ತು. ಆ ಎಣ್ಣೆಯ ಡಬ್ಬಗಳು ಹೋಗುತ್ತಿದ್ದದ್ದು ಮಕ್ಕಳ ಹಾಸ್ಟೆಲ್ಲಿಗೆ.

ಮಾರುತೇಶನನ್ನು ಕೇಳಿದಳು. ಅವನು ತಲೆ ತಗ್ಗಿಸಿದ. ಹಾಕುತ್ತಿದ್ದವನು ಅವನೇ. ಸಾವ್ಕಾರ್ರ ಮಾತು ಮೀರುವಂಗಿಲ್ಲ ಅಂದ.

ಅವಳಿಗೆ ಅವತ್ತು ನಿದ್ದೆ ಬರಲಿಲ್ಲ. ತಿಂದ ಮಕ್ಕಳ ಗತಿ ಏನಪ್ಪಾ... ಕೊನೆಗೆ ಆಹಾರ ಇನ್ಸ್‌ಪೆಕ್ಟರ್ ಹತ್ತಿರ ಹೋಗಿ ಎಲ್ಲ ಹೇಳಿದಳು. ಹೆಸರು ಮಾತ್ರ ಹೊರಗೆ ಬಿಡಬೇಡಿ, ಕೆಲಸ ಹೋದರೆ ಅವ್ವನಿಗೆ ಗಂಜಿಯೂ ಇಲ್ಲ ಅಂತ ಕೈಮುಗಿದಳು. ಬಂದು ಈ ವಿಷಯ ಹೇಳಿದ್ದು ಮಾರುತೇಶನೊಬ್ಬನಿಗೇ.

ಇನ್ಸ್‌ಪೆಕ್ಟರು ಬಂದು ಎಣ್ಣೆ ಹಿಡಿದುಕೊಂಡು ಹೋದರು. ಸಾವ್ಕಾರ್ರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು. ಯಾರು ದೂರು ಕೊಟ್ಟಿದ್ದು ಅಂತ ಒಂದೇ ಪ್ರಶ್ನೆ. ಪಾಪಕ್ಕ ಹೆಂಗಸರ ಹಿಂದೆ ಸರಿದು ನಿಂತಳು.

ಆಗ ಮಾರುತೇಶ್ ಮುಂದೆ ಬಂದ.

"ದೂರು ಕೊಟ್ಟಿದ್ದು ಪಾಪಕ್ಕ, ಸಾವ್ಕಾರ್ರೆ."

ಅಯ್ಯೋ... ಅವಳಿಗೆ ಕಾಲ ಕೆಳಗಿನ ನೆಲವೇ ಕುಸಿದಂಗಾಯಿತು. ಬೇರೆ ಯಾರಾದರೂ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ಇವನು?

ಮಾರನೇ ದಿನ ಗೇಟಿನಲ್ಲೇ ತಡೆದರು. ಕೆಲಸ ಕಮ್ಮಿ ಆಗೈತೆ, ಇನ್ನು ಬರಬೇಡ ಅಂದರು.

ಮಾರುತೇಶ್ ತಳಕಿಗೆ ಬಂದ. ಅವಳು ಬಾಗಿಲು ತೆಗೆಯಲಿಲ್ಲ. ಮತ್ತೆ ಬಂದ. ಅವ್ವನ ಕೈಲಿ ಬೈಸಿ ಕಳಿಸಿದಳು. ಬಾಗಿಲ ಹಿಂದೆ ನಿಂತು ಎಷ್ಟು ಅತ್ತಳೋ, ಆ ಬಾಗಿಲಿಗೇ ಗೊತ್ತು. ಕಂಡವರ ಹೊಲದಲ್ಲಿ ಕಳೆ ಕಿತ್ತು ಅವ್ವನನ್ನು ಸಾಕಿದಳು.

ಮಿಲ್ ಕೆಲಸಗಾರರ ಯೂನಿಯನ್ನಿನ ದುರುಗಣ್ಣ ಬಿಡಲಿಲ್ಲ. ತಪ್ಪು ತೋರಿಸಿದರು ಅನ್ನೋ ಸಿಟ್ಟಿಗೆ ಕೆಲಸದಿಂದ ತೆಗೆದರೆ ಅದು ಸೇಡು, ಅದಕ್ಕೆ ಕಾನೂನು ಒಪ್ಪಲ್ಲ ಅಂತ ಕಾರ್ಮಿಕ ಕೋರ್ಟಿನಲ್ಲಿ ಕೇಸು ಹಾಕಿಸಿದ.

ಕೋರ್ಟಿನಲ್ಲಿ ಸಾವ್ಕಾರ್ರ ವಕೀಲರು ಹೇಳಿದ್ದು ಒಂದೇ ಮಾತು. ದೂರು ಕೊಟ್ಟವರು ಯಾರು ಅಂತ ನಮ್ಮ ಸಾವ್ಕಾರ್ರಿಗೆ ಗೊತ್ತೇ ಇರಲಿಲ್ಲ, ಗೊತ್ತಿಲ್ಲದ ಮೇಲೆ ಸೇಡು ಎಲ್ಲಿಂದ ಬಂತು? ಅಂಗಳದಲ್ಲಿ ನಿಂತಿದ್ದವರೆಲ್ಲ ಕೆಲಸದ ಭಯಕ್ಕೆ ಬಾಯಿ ಬಿಡಲಿಲ್ಲ. ಮುಗೀತು ನನ್ನ ಕಥೆ ಅಂದುಕೊಂಡಳು ಪಾಪಕ್ಕ.

ಅಷ್ಟರಲ್ಲಿ ದುರುಗಣ್ಣ ಕರೆಸಿದ ಸಾಕ್ಷಿ ಒಳಗೆ ಬಂದ. ಮಾರುತೇಶ್!

"ಸಾವ್ಕಾರ್ರಿಗೆ ಗೊತ್ತಿತ್ತು ಸ್ವಾಮಿ. ಇನ್ಸ್‌ಪೆಕ್ಟರ್ ಆಫೀಸಿನೋರು ಯಾರೋ ಮೊದ್ಲೇ ಅವ್ರ ಕಿವಿಗೆ ಹಾಕಿದ್ರು. ಗೊತ್ತಿಲ್ಲದವ್ರಂಗೆ ಇದ್ದು ಇವ್ಳನ್ನ ತೆಗೀಬೇಕು ಅಂತ ಮಾತಾಡ್ತಿದ್ದದ್ದು ನಾನೇ ಕೇಳಿಸ್ಕೊಂಡೆ. ಅದಕ್ಕೇ ಎಲ್ಲಾರ ಮುಂದೆ ಹೆಸ್ರು ಹೇಳ್ದೆ. ಆಮೇಲೆ ಗೊತ್ತಿರ್ಲಿಲ್ಲ ಅನ್ನಂಗಿರ್ಬಾರ್ದು ಅವ್ರು ಅಂತ. ಬೂಸ್ಟು ಕಾಳು ಮಿಷನ್ನಿಗೆ ಹಾಕಿದ್ದೂ ನಾನೇ, ಬರ್ಕೊಳ್ರಿ."

ಪಾಪಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಎಂಥಾ ಮನುಷ್ಯನಿಗೆ ಬಾಗಿಲು ಹಾಕಿದೆ ನಾನು...

ಮಾರನೇ ದಿನವೇ ಮಾರುತೇಶನ ಕೆಲಸ ಹೋಯಿತು. ಕೆಲವು ತಿಂಗಳಿಗೆ ತೀರ್ಪು ಬಂತು. ಪಾಪಕ್ಕನನ್ನು ವಾಪಸ್ ಕೆಲಸಕ್ಕೆ ತಗೋಬೇಕು ಅಂತ.

ಅವಳು ಮಿಲ್ಲಿಗೆ ಹೋಗಲಿಲ್ಲ. ಮೊದಲು ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆ ಬೇವಿನ ಮರ, ಆ ಮಂಡಕ್ಕಿ, ಹೆಂಗಸರ ನಗು... ಯಾವುದೂ ಅವಳನ್ನು ಬಿಡಲಿಲ್ಲ.

ಮಾರುತೇಶ್ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಅವತ್ತು ಹೆಸ್ರು ಹೇಳೋ ಮುಂಚೆ ನನ್ನ ಒಂದ್ಮಾತು ಕೇಳ್ಬೋದಿತ್ತಲ್ಲ?" ಅಂದಳು.

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಅಂತಿದ್ದೆ. ಹೆಸ್ರು ನಂದು. ಹೋಗೋ ಕೆಲ್ಸಾನೂ ನಂದು. ನೀನ್ಯಾರು ತೀರ್ಮಾನ ಮಾಡಕೆ?"

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ತಪ್ಪಾತು ಪಾಪಕ್ಕ. ಆಗ ಭಯ ಆಗಿತ್ತು. ನಿನ್ನ ಅನ್ನ ಹೋಗ್ತೈತೆ ಅನ್ನೋದು ಬಿಟ್ರೆ ಬೇರೇನೂ ಹೊಳೀಲಿಲ್ಲ."

ಅವಳ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಕಣ್ಣು ತುಂಬಿತು. ದುರುಗಣ್ಣನನ್ನು ಕಂಡು ಬಂದಿದೀನಿ ಅಂದಳು. ಸಾಕ್ಷಿ ಹೇಳಿದ್ದಕ್ಕೆ ಕೆಲಸ ಕಳೆದುಕೊಂಡವನಿಗೂ ಕೋರ್ಟು ಐತೆ, ಅವನ ಕೇಸಿಗೆ ತಾನೇ ಸಾಕ್ಷಿ ಅಂದಳು.

"ನಿಂಗ್ಯಾಕೆ ಈ ತಾಪತ್ರಯ?"

"ಸುಮ್ನಿರು. ವಕೀಲ್ರು ಕೇಳ್ತಾರೆ, ಇವ್ನು ನಿಂಗೇನಾಗ್ಬೇಕು ಅಂತ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಗಂಡ ಅಂತ ಬರೆಸ್ಬೇಕು ಅಂತ ನಂಗಾಸೆ. ನಿನ್ನಂಗೆ ಕೇಳ್ದೆ ಹೇಳಲ್ಲ ನಾನು. ಬರೆಸ್ಲಾ?"

ಮಾರುತೇಶ್ ಕೈಯ ಮಸಿಯನ್ನು ಅಂಗಿಗೇ ಒರೆಸಿಕೊಂಡ.

"ಬರೆಸು."