ಸೂರ್ಯನ ಗುಮಾಸ್ತ

"ಸೋಮವಾರ ಸೂರ್ಯ ಶಾಂತವಾಗಿರ್ತಾನೆ ಅಂತ ಬರೆದವರು ನೀವೇನಾ?"

ಸೌರ ಮುನ್ಸೂಚನಾ ಕಚೇರಿಯ ಬಾಗಿಲಲ್ಲಿ ನಿಂತು ಅವಳು ಕೇಳಿದಳು. ಅತ್ತೂ ಅತ್ತೂ ಅವಳ ದನಿ ಒಡೆದಿತ್ತು.

ಕಂಪ್ಯೂಟರ್ ಮುಂದೆ ಕುಳಿತಿದ್ದ ಯುವಕ ಎದ್ದು ನಿಂತ. ದಿನವೂ ಸೂರ್ಯನ ಕಲೆಗಳನ್ನು ನೋಡಿ, ರೇಡಿಯೋ ಸಂಪರ್ಕಕ್ಕೆ ತೊಂದರೆಯಾದೀತೇ ಎಂದು ವರದಿ ಬರೆಯುವುದು ಅವನ ಕೆಲಸ. ಕಚೇರಿಯವರು ತಮಾಷೆಗೆ ಅವನನ್ನು 'ಸೂರ್ಯನ ಗುಮಾಸ್ತ' ಎನ್ನುತ್ತಿದ್ದರು.

"ಹೌದು. ನಾನೇ."

"ಅವತ್ತು ನನ್ನ ತಮ್ಮ ಸಮುದ್ರದಲ್ಲಿದ್ದ. ಗಾಳಿ ತಿರುಗ್ತಿದೆ, ವಾಪಸ್ ಬಾ ಅಂತ ಕೂಗ್ತಾನೇ ಇದ್ದೆ... ರೇಡಿಯೋ ಸತ್ತುಹೋಗಿತ್ತು. ಅವನಿಗೆ ಕೇಳಿಸಲೇ ಇಲ್ಲ."

ದೋಣಿಗಳ ರೇಡಿಯೋ ಕೇಂದ್ರದಲ್ಲಿ ಮೈಕಿನ ಮುಂದೆ ಕೂರುವವಳು ಅವಳು. ಇಡೀ ಬಂದರಿಗೆ ರೇಡಿಯೋ ಅಕ್ಕ. ಒಡಹುಟ್ಟಿದವನಿಗೇ ಆ ದಿನ ಅವಳ ದನಿ ಮುಟ್ಟಿರಲಿಲ್ಲ. ಬಾಯಿಗೆ ಬಂದಂತೆ ಬೈದಳು. ಅವನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ.

ಮರುದಿನದಿಂದ ವರದಿಯನ್ನು ಅವನೇ ಕೈಯಾರೆ ಅವಳ ಕೇಂದ್ರಕ್ಕೆ ತಂದುಕೊಡತೊಡಗಿದ. ದೋಣಿಗಳೆಲ್ಲ ಉತ್ತರ ಕೊಡುವವರೆಗೂ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಸೂರ್ಯ ಹುಟ್ಟಿದ, ಗುಮಾಸ್ತ ಬಂದ ಎಂದು ಬಂದರಿನ ಕ್ರೇನ್ ಓಡಿಸುವವನು ರೇಗಿಸುತ್ತಿದ್ದ.

ಅವಳು ಮೊದಮೊದಲು ಮುಖವನ್ನೂ ನೋಡುತ್ತಿರಲಿಲ್ಲ. ಆಮೇಲೆ ಅವನು ಬರುವುದು ಸ್ವಲ್ಪ ತಡವಾದರೂ ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು.

'ಛೀ... ತಮ್ಮನ ಸಾವಿಗೆ ಕಾರಣನಾದವನಿಗಾಗಿ ಕಾಯ್ತಿದ್ದೀನಾ ನಾನು?'

ಮನಸ್ಸನ್ನು ಕಲ್ಲು ಮಾಡಿಕೊಂಡು ಒಂದು ದಿನ ಹೇಳಿಯೇಬಿಟ್ಟಳು. "ಇನ್ಮೇಲೆ ಬರಬೇಡಿ."

ಅವನು ತಲೆಯಾಡಿಸಿ ಹೋದ. ಬೆಂಚು ಖಾಲಿಯಾಯಿತು. ಅವಳ ಸಿಟ್ಟು ಮಾತ್ರ ಕಡಿಮೆಯಾಗಲಿಲ್ಲ.

ಕೆಲವು ವಾರಗಳ ಮೇಲೆ ನಡುಮಧ್ಯಾಹ್ನ ರೇಡಿಯೋ ಮತ್ತೆ ಮೂಕವಾಯಿತು. ಪುಣ್ಯಕ್ಕೆ ಸಮುದ್ರ ಶಾಂತವಾಗಿತ್ತು. ದೋಣಿಗಳೆಲ್ಲ ಮರಳಿದ ಮೇಲೆ ಕಚೇರಿಗೆ ಫೋನ್ ಮಾಡಿ, ಬೆಳಗಿನ ವರದಿಯಲ್ಲಿ ಇದು ಯಾಕಿರಲಿಲ್ಲ ಎಂದು ಹರಿಹಾಯ್ದಳು.

ಎತ್ತಿದ್ದು ಅಲ್ಲಿನ ಹಿರಿಯ ಮೇಡಂ. "ಸೂರ್ಯ ಯಾವ ಗಳಿಗೆಗೆ ಸಿಡೀತಾನೆ ಅಂತ ಯಾರಿಗೂ ಹೇಳೋಕಾಗಲ್ಲಮ್ಮ. ಸಿಡಿದಿದ್ದು ನಮಗೆ ಕಾಣೋದೂ, ರೇಡಿಯೋ ಸಾಯೋದೂ ಒಟ್ಟಿಗೇ. ಅವನು ನಿಮಗೆ ಹೇಳಿಲ್ವಾ?"

ಹೇಳಿರಲಿಲ್ಲ.

ಅವಳು ನೇರ ಅವನ ಮೇಜಿನ ಮುಂದೆ ಹೋಗಿ ನಿಂತಳು. "ತಪ್ಪು ನಿಮ್ಮದಲ್ಲ ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೈಯೋಕೆ ಯಾರೂ ಉಳೀತಿರಲಿಲ್ಲ," ಎಂದ ಅವನು ಮೆಲ್ಲಗೆ. "ನಿಮ್ಮನ್ನ ನೀವೇ ಬೈಕೊಳ್ತಿದ್ರಿ... ಅವನನ್ನ ಇನ್ನೂ ಸ್ವಲ್ಪ ಮುಂಚೆ ಕರೀಬೇಕಿತ್ತು ಅಂತ."

ಆ ಮಾತು ಅಂದಿನಿಂದಲೂ ಅವಳ ಮನಸ್ಸಿನ ಹೊಸ್ತಿಲಲ್ಲೇ ಕಾದು ನಿಂತಿತ್ತು. ಒಳಗೆ ಬಿಟ್ಟುಕೊಂಡಿರಲಿಲ್ಲ, ಅಷ್ಟೆ. ಅವಳು ಕುಸಿದು ನೆಲದ ಮೇಲೆ ಕುಳಿತಳು. ತಮ್ಮ ಹೋದ ಮೇಲೆ ಮೊದಲ ಸಲ, ಯಾರನ್ನೂ ಶಪಿಸದೆ ಅತ್ತಳು. ಅವನೂ ಪಕ್ಕದಲ್ಲಿ ನೆಲದ ಮೇಲೇ ಕುಳಿತ.

"ನಿಮ್ಮನ್ನ ಬೈತಾ ಬೈತಾನೇ ನಿಮಗಾಗಿ ಕಾಯ್ತಿದ್ದೆ," ಎಂದಳು ಬಿಕ್ಕುತ್ತಾ. "ಈಗ ಸಿಟ್ಟೂ ಇಲ್ಲ. ಬರೀ ದುಃಖ ಉಳಿದಿದೆ... ಇಂಥವಳ ಹತ್ತಿರ ಏನಿದೆ ಅಂತ ಬರ್ತೀರಿ?"

"ನಿಮ್ಮನ್ನ ಪ್ರೀತಿಸ್ತೀನಿ. ಆ ದುಃಖದಲ್ಲೇ ಅರ್ಧ ನನಗೆ ಕೊಡಿ."

"ತುಂಬಾ ಭಾರ ಇದೆ."

"ಗೊತ್ತು. ನನ್ನ ಕೈ ಹಿಡ್ಕೊಳ್ಳಿ... ಏಳಿ."